ಮಾಸ್ತರು ಶಾಸಕರಾದ್ರ ಸಾಲಿಗಿ ಏನ್ ಸಿಗ್ತದ? ಹೊರಟ್ಟಿಯವರ ದಾರಿ, ನಮ್ಮ ಈಶಾನ್ಯ ಶಿಕ್ಷಕರ ಕ್ಷೇತ್ರ

ತೊಗರಿನಾಡು (ಕಲಬುರಗಿ)

ಸ್ಟಾಫ್ ರೂಮಿನಾಗ ಮತ್ತ ಎಲೆಕ್ಷನ್ ಮಾತು ಶುರು ಆಗ್ಯದ. ಮಾಸ್ತರೇ ಓಟು ಹಾಕಿ ವಿಧಾನ ಪರಿಷತ್ತಿಗಿ ಒಬ್ಬರನ್ನ ಕಳಸೋ ನಮ್ಮ ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕ 2020ರ ಅಕ್ಟೋಬರ್‌ದಾಗ ಮತದಾನ ಆಗಿತ್ತು. ಶಶೀಲ ನಮೋಶಿಯವರು ಶರಣಪ್ಪ ಮಟ್ಟೂರ ಅವರನ್ನ ಸೋಲಿಸಿ ಬಂದ್ರು. ಪರಿಷತ್ತಿನ ಅವಧಿ ಆರು ವರ್ಷ. ಲೆಕ್ಕ ಹಾಕ್ರಿ, 2026ಕ್ಕ ಮತ್ತ ನಮ್ಮ ಬಾಗಿಲಿಗಿ ಕೈ ಮುಗಕೋತ ಬರೋರು ಬಂದೇ ಬರ್ತಾರ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಇಷ್ಟು ದೊಡ್ಡ ಸೀಮೆಗಿ ಒಬ್ಬರೇ ಪ್ರತಿನಿಧಿ.

ನನ್ನ ಪ್ರಶ್ನಿ ಯಾರು ಗೆಲ್ತಾರ ಅಂತ ಅಲ್ಲ. ಅದನ್ನ ಚಹಾದಂಗಡಿಗಿ ಬಿಡ್ರಿ. ಖರೇ ಖರೇ ಸಾಲಿನಾಗ ಪಾಠ ಮಾಡಿದ ಮಾಸ್ತರೊಬ್ಬರು ವಿಧಾನಸೌಧಕ್ಕ ಹೋದ್ರ ಏನ್ ಬದಲಾಗ್ತದ? ನಮ್ಮ ಸಂಬಳ, ವರ್ಗಾವಣೆ, ಪಿಂಚಣಿ ಬದಲಾಗ್ತದ ಅಂತ ಎಲ್ಲರಿಗಿ ಗೊತ್ತದ. ನಾ ಕೇಳೋದು ಮಕ್ಕಳು ಕುಂತ ಕೋಣಿ ಬಗ್ಗಿ. ಈ ರಾಜ್ಯದಾಗ ಆ ದಾರಿ ಹಿಡಿದು ಅತೀ ದೂರ ಹೋದವರು ಬಸವರಾಜ ಹೊರಟ್ಟಿ. ಹುಬ್ಬಳ್ಳಿ ಲ್ಯಾಮಿಂಗ್ಟನ್ ಹೈಸ್ಕೂಲಿನ ಪಿ.ಟಿ. ಮಾಸ್ತರು, 1980ರಾಗ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗಿ ಹೋದೋರು ಇನ್ನೂ ಅಲ್ಲೇ ಅದಾರ. ಅವರ ಕಥಿ ಬಲ್ಲೋರು ಯಾರರ ಇದ್ರ ಬರೀರಿ. ಪಕ್ಷದ ಜಗಳ ಬ್ಯಾಡ.

ಹುಬ್ಬಳ್ಳಿ ಅಳಿಯ (ಮೂಲ ಚಿತ್ತಾಪುರ)

ಪಕ್ಷದ ಜಗಳ ಬೇಡ ಅಂತ ಹೊರಟ್ಟಿಯವರ ಹೆಸರು ತೆಗೆದೀರಲ್ಲ ಸರ್. ಜನತಾ ಪರಿವಾರದೊಳಗ ಎಷ್ಟು ಬಣ ಆದವೋ ಅಷ್ಟೂ ನೋಡಿ ಬಂದ ಮನುಷ್ಯ ಅವರು. 2022ರ ಮೇ ತಿಂಗಳಲ್ಲಿ ಸಭಾಪತಿ ಕುರ್ಚಿ ಬಿಟ್ಟು, ಜೆಡಿಎಸ್ ಬಿಟ್ಟು, ಬಿಜೆಪಿ ಸೇರಿ, ಜೂನ್‌ನಲ್ಲಿ ಎಂಟನೇ ಸಲ ಗೆದ್ದರು. ಡಿಸೆಂಬರ್‌ನಲ್ಲಿ ಮತ್ತೆ ಅದೇ ಕುರ್ಚಿ. ಪಕ್ಷ ಬದಲಾದರೂ ಮತ ಬದಲಾಗಲಿಲ್ಲ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದ ಮಾಸ್ತರುಗಳು ಪಕ್ಷಕ್ಕೆ ಓಟು ಹಾಕೋದಿಲ್ಲ, "ನಮ್ಮ ಹೊರಟ್ಟಿ ಸರ್"ಗೆ ಹಾಕ್ತಾರೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತಿರೋ ಮಾತು.

ಯಾಕೆ ಅಂತ ನಮ್ಮ ಮಾವನವರನ್ನ ಕೇಳಿದ್ದೆ. ಅವರು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಹೇಳಿದ್ದು ಇಷ್ಟೇ: "ಅನುದಾನಿತ ಸಾಲಿ ಮಾಸ್ತರಗ ಆಡಳಿತ ಮಂಡಳಿ ಅಂದ್ರ ಅತ್ತಿ, ಸರಕಾರ ಅಂದ್ರ ಮಾವ. ಇಬ್ಬರ ನಡುವ ಫೈಲು ನಿಂತಾಗ ಫೋನ್ ಎತ್ತೋರು ಒಬ್ಬರು ಬೇಕಿತ್ತು." ನೇಮಕಾತಿಗೆ ಅನುಮೋದನೆ, ಕಾಲ್ಪನಿಕ ವೇತನ (ಅನುದಾನ ಬರೋ ಮುಂಚಿನ ಸೇವೆಯನ್ನೂ ಸಂಬಳದ ಲೆಕ್ಕಕ್ಕೆ ಹಿಡಿಯೋದು), 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ, 2006ರ ಏಪ್ರಿಲ್ 1ರ ನಂತರ ಸೇರಿದವರ ಪಿಂಚಣಿ. ಇವುಗಳಲ್ಲಿ ಕೆಲವು ಬಗೆಹರಿದಿವೆ, ಕೆಲವು ಪ್ರತಿ ಅಧಿವೇಶನದಲ್ಲೂ ಎದ್ದು ಕೂಡ್ತವೆ. ಕಾಲ್ಪನಿಕ ವೇತನಕ್ಕಂತೂ ಹೊರಟ್ಟಿ ಸಮಿತಿ ಅಂತಲೇ ಒಂದು ಸಮಿತಿ ಇತ್ತು. ಆ ವರದಿ ಇಟ್ಕೊಂಡು ಮಾಸ್ತರುಗಳು ಇವತ್ತಿಗೂ ಧರಣಿ ಕೂಡ್ತಾರೆ.

ಹಂಗಾಗಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನನ್ನ ಹತ್ತಿರ ಇದೆ. ನೌಕರರ ಕೆಲಸ ಮಾಡಿಕೊಟ್ಟರು, ಅದಕ್ಕೇ ಎಂಟು ಸಲ ಗೆದ್ದರು. ಕೋಣೆಯೊಳಗಿನ ಮಕ್ಕಳ ಉತ್ತರ ಬೇರೆ ಯಾರಾದರೂ ಹೇಳಲಿ.

ಔರಾದ ಅಕ್ಕೋರು (ಬೀದರ್)

ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರು ಮಹಾರಾಷ್ಟ್ರದ ಗಡಿಯಲ್ಲಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಸೇರಿಸಿ ಮಾತಾಡೋ ಮಕ್ಕಳಿಗೆ ಅಕ್ಷರ ಕಲಿಸ್ತೀನಿ. ಈ ಚರ್ಚೆ ಓದಿ ನಗು ಬಂತು. "ಶಿಕ್ಷಕರ ಕ್ಷೇತ್ರ" ಅಂತ ಎಲ್ಲರೂ ಬರೀತಿದ್ದೀರಿ. ನನಗೆ ಆ ಕ್ಷೇತ್ರದಲ್ಲಿ ಮತವೇ ಇಲ್ಲ!

ಹೌದು. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ. ಡಿಗ್ರಿ ಕಾಲೇಜಿನ ಲೆಕ್ಚರರ್‌ಗೆ ಇದೆ, ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್‌ಗೆ ಇದೆ. ಒಂದನೇ ಇಯತ್ತೆಯ ಹುಡುಗನ ಕೈ ಹಿಡಿದು "ಅ" ತಿದ್ದಿಸೋಳಿಗೆ ಇಲ್ಲ. ಊರ ಜನ ಶಿಕ್ಷಕರು ಅಂದಾಗ ಮೊದಲು ನೆನೆಯೋದು ನಮ್ಮನ್ನೇ. ಗಣತಿ ಬಂದರೆ ನಾವು, ಚುನಾವಣೆ ಡ್ಯೂಟಿ ಬಂದರೆ ನಾವು, ಬಿಸಿಯೂಟದ ಮೊಟ್ಟೆ ಎಣಿಸೋರು ನಾವು, ಬಿಎಲ್‌ಒ ಅಂತ ಮನೆಮನೆ ತಿರುಗಿ ಮತದಾರರ ಪಟ್ಟಿ ತಿದ್ದೋರೂ ನಾವು. ಶಿಕ್ಷಕರ ಮತದಾರರ ಪಟ್ಟಿಯಲ್ಲಿ ಮಾತ್ರ ನಾವಿಲ್ಲ.

ನನ್ನದು ಬಿ.ಎ. ಆಗಿದೆ, ಹಾಗಾಗಿ ಈಶಾನ್ಯ ಪದವೀಧರರ ಕ್ಷೇತ್ರದಲ್ಲಿ 2024ರಲ್ಲಿ ಓಟು ಹಾಕಿದೆ. ಡಾ. ಚಂದ್ರಶೇಖರ ಪಾಟೀಲರು ಗೆದ್ದ ಚುನಾವಣೆ ಅದು. ಆದರೆ ಪದವೀಧರಳಾಗಿ ಹಾಕಿದ ಓಟು ಅದು. ಪಿಯುಸಿ, ಡಿ.ಇಡಿ ಮಾಡಿ ಬಂದ ನನ್ನ ಹಿರಿಯ ಸಹೋದ್ಯೋಗಿಗಳಿಗೆ ಅದೂ ಇಲ್ಲ.

ಭೀಮಾತೀರ

ಅಕ್ಕೋರೆ, ಇದು ನನಗಿ ಇವತ್ತೇ ಗೊತ್ತಾಯ್ತು. ಖರೇ ಹೇಳ್ರಿ, ಇದನ್ನ ಯಾರೂ ಕೋರ್ಟಿಗಿ ಒಯ್ದಿಲ್ಲೇನು? ವಕೀಲ ಸಾಹೇಬ್ರ, ಎಲ್ಲಿ ಅದೀರಿ?

ಕಾನೂನು ಕಟ್ಟೆ (ಕಲಬುರಗಿ)

ಇಲ್ಲೇ ಇದ್ದೀನಿ. ಇದು ಸರ್ಕಾರದ ಸುತ್ತೋಲೆಯಿಂದ ಬಂದದ್ದಾಗಿದ್ದರೆ ಕೋರ್ಟಿಗೆ ಹೋಗಬಹುದಿತ್ತು. ಸಂವಿಧಾನದಲ್ಲೇ ಬರೆದಿದೆ ಅಕ್ಕೋರೆ. 171ನೇ ವಿಧಿ: ರಾಜ್ಯದೊಳಗಿನ, ಮಾಧ್ಯಮಿಕ ಶಾಲೆಗಿಂತ ಕಡಿಮೆಯಲ್ಲದ ಮಟ್ಟದ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರು. ಪರಿಷತ್ತಿನ ಹನ್ನೆರಡನೇ ಒಂದು ಭಾಗವನ್ನು ಇವರು ಆರಿಸಬೇಕು. ನಮ್ಮ 75 ಜನರ ಪರಿಷತ್ತಿನಲ್ಲಿ ಇವರ ಪಾಲು 7. ಪದವೀಧರರಿಂದ 7, ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭೆಯ ಶಾಸಕರಿಂದ 25, ನಾಮನಿರ್ದೇಶನ 11. ತಿದ್ದಬೇಕಾದರೆ ಸಂಸತ್ತು ತಿದ್ದಬೇಕು.

ಇನ್ನೊಂದು ಹೇಳ್ತೀನಿ, ತೊಗರಿನಾಡು ಅವರ ಪ್ರಶ್ನೆಗೆ ಇದು ನೇರ ಸಂಬಂಧ. ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕೋರು ಶಿಕ್ಷಕರಾಗಿರಬೇಕು. ನಿಲ್ಲೋರು ಶಿಕ್ಷಕರಾಗಿರಬೇಕಿಲ್ಲ! ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರ ಆಗಿದ್ದರೆ ಸಾಕು. 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ತೀರ್ಮಾನ ಮಾಡಿದೆ. ಮದ್ರಾಸಿನ ಪದವೀಧರರ ಕ್ಷೇತ್ರದಿಂದ ಪದವಿ ಇಲ್ಲದವರೊಬ್ಬರು ಗೆದ್ದರು, ಹೈಕೋರ್ಟ್ ಆಯ್ಕೆ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪು ತಳ್ಳಿಹಾಕಿ ಆ ಆಯ್ಕೆಯನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ಇಲ್ಲದ ಅರ್ಹತೆಯನ್ನ ನಾವು ಸೇರಿಸೋಕೆ ಆಗೋದಿಲ್ಲ ಅನ್ನೋದು ಅದರ ಸಾರ. ಅದೇ ತರ್ಕ ಶಿಕ್ಷಕರ ಕ್ಷೇತ್ರಕ್ಕೂ ಸಲ್ಲುತ್ತದೆ. 2022ರಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರದಿಂದ ಗೆದ್ದ ಪ್ರಕಾಶ ಹುಕ್ಕೇರಿಯವರು ಶಾಸಕ, ಮಂತ್ರಿ, ಸಂಸದ ಎಲ್ಲ ಆಗಿ ಬಂದವರು.

ಇನ್ನು ಸರ್ಕಾರಿ ಶಾಲೆಯ ಶಿಕ್ಷಕರು ನಿಲ್ಲಬೇಕು ಅಂದರೆ ಮೊದಲು ನೌಕರಿ ಬಿಡಬೇಕು. ನಡತೆ ನಿಯಮಗಳು ಒಂದು ಕಡೆ, 191ನೇ ವಿಧಿಯ ಲಾಭದಾಯಕ ಹುದ್ದೆಯ ತಡೆ ಇನ್ನೊಂದು ಕಡೆ. ನೌಕರಿ ಹೋದ ಮೇಲೆ ಸೋತರೆ ಏನು ಗತಿ? ಮನೆಯಲ್ಲಿ ದುಡಿಯೋ ಇನ್ನೊಂದು ಕೈ ಇದ್ದವರು, ಇಲ್ಲ ಸಂಸ್ಥೆ ಇಟ್ಟುಕೊಂಡವರು ಮಾತ್ರ ಆ ಧೈರ್ಯ ಮಾಡ್ತಾರೆ. ಪಾಠ ಮಾಡೋ ಕೈಯಿಂದ ನೇರ ವಿಧಾನಸೌಧಕ್ಕೆ ಹೋಗೋರು ಕಡಿಮೆ ಇರೋದಕ್ಕೆ ನನಗೆ ಕಾಣೋ ದೊಡ್ಡ ಕಾರಣ ಇದೇ.

ಭೀಮಾತೀರ

ಅಂದ್ರ ಓಟು ಹಾಕೋ ಹಕ್ಕಿದ್ದೋರಿಗಿ ನಿಲ್ಲಲಾಕ ಆಗಂಗಿಲ್ಲ, ನಿಲ್ಲೋರಿಗಿ ಪಾಠ ಮಾಡಿದ ಗರಜು ಇಲ್ಲ, ಪಾಠ ಮಾಡೋ ಅಕ್ಕೋರಿಗಿ ಓಟೇ ಇಲ್ಲ. ಭಾಳ ಛಲೋ ಅದ ಬಿಡ್ರಿ.

ನಿವೃತ್ತ ಮುಖ್ಯಗುರು (ಸೇಡಂ)

ತಮ್ಮಾ ಭೀಮಾತೀರ, ವ್ಯಂಗ್ಯ ಸಾಕು. ಹೊರಟ್ಟಿಯವರ ಬಗ್ಗೆ ಕೇಳಿದ್ದಕ್ಕೆ ನನಗೆ ನೆನಪಿರುವುದನ್ನು ಹೇಳುತ್ತೇನೆ. ಅವರು ಶಿಕ್ಷಣ ಮಂತ್ರಿಯಾಗಿದ್ದ 2006–07ರ ಅವಧಿಯಲ್ಲಿ ನಾನು ಸೇವೆಯಲ್ಲಿದ್ದೆ. ಪರಿಷತ್ತಿನಲ್ಲಿ ನಲವತ್ತೈದು ವರ್ಷ ಕುಳಿತದ್ದಕ್ಕಿಂತ ಆ ಸಣ್ಣ ಅವಧಿಯನ್ನು ನೋಡಬೇಕು. ಮಾಸ್ತರ ಕೈಗೆ ಇಲಾಖೆಯ ಕೀಲಿಕೈ ಸಿಕ್ಕಾಗ ಏನಾಯಿತು ಎನ್ನುವುದು ಅಲ್ಲಿ ಕಾಣುತ್ತದೆ.

ಮೊದಲನೆಯದು ಭಾಷೆಯ ಜಗಳ. ಕನ್ನಡ ಮಾಧ್ಯಮ ಎಂದು ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ ಸರ್ಕಾರ ಕೈ ಹಾಕಿತು. ಎಲ್ಲರಿಗೂ ಗೊತ್ತಿದ್ದ ಸುಳ್ಳು ಅದು. ನಮ್ಮ ಭಾಗದ ಪಟ್ಟಣಗಳಲ್ಲೂ ಬೋರ್ಡು ಕನ್ನಡದ್ದು, ಒಳಗಿನ ಪುಸ್ತಕ ಇಂಗ್ಲಿಷಿನದ್ದು. ತಪಾಸಣೆಗೆ ಹೋದ ದಿನ ಮಾತ್ರ ಕನ್ನಡ ಪುಸ್ತಕ ಹೊರಗೆ ಬರುತ್ತಿದ್ದವು. ಆ ಕ್ರಮಕ್ಕೆ ನಾನು ಮೆಚ್ಚಿ ಚಪ್ಪಾಳೆ ತಟ್ಟಿದವನೇ. ಆಮೇಲೆ ಪಾಲಕರು ಬೀದಿಗೆ ಬಂದರು, ಆಡಳಿತ ಮಂಡಳಿಗಳು ಕೋರ್ಟಿಗೆ ಹೋದವು, ಸರ್ಕಾರ ಮೆತ್ತಗಾಯಿತು. ಕೊನೆಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಮುಗಿಸಿಯೇ ಬಿಟ್ಟಿತು.

ಎರಡನೆಯದು ಅದರ ಬೆನ್ನಿಗೇ ಬಂತು. 2007–08ರಿಂದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವುದು. ಸಾಹಿತಿಗಳು ಎರಡು ಬಣವಾದರು. ನಮ್ಮ ಹಳ್ಳಿ ಶಾಲೆಯ ಪಾಲಕರು ಮಾತ್ರ ಬಣ ಮಾಡಲಿಲ್ಲ, "ಸರಾ, ಯಾವಾಗಿಂದ ಎಬಿಸಿಡಿ?" ಎಂದು ಕೇಳಿದರು. ಕಲಿಸುವವರಿಗೇ ಇಂಗ್ಲಿಷು ಬಾರದ ಶಾಲೆಯಲ್ಲಿ ಅದು ಹೇಗೆ ನಡೆಯಿತು ಎನ್ನುವುದು ಬೇರೆ ಕಥೆ. ನನ್ನ ಶಾಲೆಯಲ್ಲಿ ಅದು ಪದ್ಯ ಹೇಳಿಸುವುದಕ್ಕೆ ಮುಗಿಯಿತು. ಆದರೂ ಇದು ಕೋಣೆಯೊಳಗಿನ ಮಗುವಿಗೆ ತಟ್ಟಿದ ತೀರ್ಮಾನ. ಒಳ್ಳೆಯದೋ ಕೆಟ್ಟದ್ದೋ ಎಂದು ಇವತ್ತಿಗೂ ಜಗಳವಾಡಬಹುದು.

ಮೂರನೆಯದು ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ, 2007. ಅದಕ್ಕೂ ಮುಂಚೆ ವರ್ಗಾವಣೆ ಎಂದರೆ ಏನಿತ್ತು ಎಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಶಾಸಕರ ಪತ್ರ, ಮಂತ್ರಿಗಳ ಟಿಪ್ಪಣಿ, ಬೆಂಗಳೂರಿನ ಲಾಡ್ಜು. ಕಾಯ್ದೆ ಬಂದ ಮೇಲೆ ಕೌನ್ಸೆಲಿಂಗಿಗೆ, ಆದ್ಯತೆಯ ಪಟ್ಟಿಗೆ ಕಾನೂನಿನ ಬಲ ಬಂತು. 2020ರಲ್ಲಿ ಹೊಸ ಕಾಯ್ದೆಯೂ ಬಂತು. ಪರಿಪೂರ್ಣ ಎನ್ನುವುದಿಲ್ಲ. ಆದರೆ ಕೋಣೆಯಲ್ಲಿ ಮಾಸ್ತರು ಇರುತ್ತಾನೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಇಂಥ ಕಾಯ್ದೆಯೇ. ತೊಗರಿನಾಡು, ನೀವು ನೌಕರಿಯ ವಿಷಯ ಬೇರೆ, ಮಕ್ಕಳ ವಿಷಯ ಬೇರೆ ಎಂದು ಗೆರೆ ಎಳೆದಿರಲ್ಲ, ಆ ಗೆರೆ ಅಷ್ಟು ನೇರವಾಗಿಲ್ಲ.

ಮಲಗಿದ ಬುದ್ಧ (ಶಹಾಪುರ, ಯಾದಗಿರಿ)

ನಾನು ಮಾಸ್ತರಲ್ಲ, ಪಾಲಕ. ಗುರುಗಳೆ, ಗೆರೆ ನೇರ ಇಲ್ಲ ಅಂತೀರಿ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ನೇರವಾಗೇ ಕಾಣ್ತದ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕಟ್ಟಕಡೆ, ಶೇ 50.59. ಮರುವರ್ಷ ನಾವು ಕಡೆಯ ಸ್ಥಾನ ಬಿಟ್ಟೆವು ಅಂತ ಖುಷಿ ಪಡೋ ಹೊತ್ತಿಗೆ ಅಲ್ಲಿ ಕಲಬುರಗಿ ಬಂದು ಕುಂತಿತ್ತು, ಶೇ 42.43. ಅದೇ ಸಲ ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. ಪರೀಕ್ಷಾ ಕೋಣೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ ಮೇಲೆ ಹಿಂದಿನ ಫಲಿತಾಂಶಗಳ ಬಣ್ಣ ಎಷ್ಟು ಗಟ್ಟಿ ಇತ್ತು ಅಂತ ಎಲ್ಲರಿಗೂ ಗೊತ್ತಾಯ್ತು.

ಇದರಲ್ಲಿ ಹೈಸ್ಕೂಲ್ ಮಾಸ್ತರದೇ ತಪ್ಪು ಅಂತ ನಾನು ಹೇಳಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹತ್ತಿ ಬಿಡಿಸೋ ಹಂಗಾಮು. ಹಾಜರಿ ಪುಸ್ತಕದಲ್ಲಿ ಹೆಸರಿರೋ ಹುಡುಗಿ ಹೊಲದಲ್ಲಿ ಇರ್ತಾಳೆ. ಇನ್ನೊಂದಷ್ಟು ಮನೆ ಬೀಗ ಹಾಕಿ ಬೆಂಗಳೂರು, ಮುಂಬೈ ಅಂತ ಗುಳೆ ಹೋಗಿರ್ತವೆ, ಮಕ್ಕಳ ಸಮೇತ. ಎಂಟನೇ ಇಯತ್ತೆಗೆ ಬರೋ ಹುಡುಗನಿಗೆ ಕನ್ನಡ ಓದೋಕೆ ಬರೋದಿಲ್ಲ ಅಂತ ಹೈಸ್ಕೂಲಿನವರು ಪ್ರೈಮರಿಯವರ ಮೇಲೆ ಹಾಕ್ತಾರೆ. ಪ್ರೈಮರಿಯಲ್ಲಿ ಒಬ್ಬರೇ ಅಕ್ಕೋರು ನಾಲ್ಕು ತರಗತಿ ಕೂಡಿಸಿ ಕಲಿಸ್ತಿರ್ತಾರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಇಟ್ಟಿದ್ದರು. ಮೂರರಲ್ಲಿ ಒಂದು ಪಾಲು ಏಳೇ ಜಿಲ್ಲೆಗೆ! ಹಳ್ಳ ಎಷ್ಟು ಆಳ ಇತ್ತು ಅಂತ ಅದೊಂದೇ ಲೆಕ್ಕ ಹೇಳ್ತದ.

ಈಗ ಹೇಳಿ. ಪರಿಷತ್ತಿನಲ್ಲಿ ಶಿಕ್ಷಕರ ಪ್ರತಿನಿಧಿ ಎದ್ದು ನಿಂತಾಗ ಕೇಳೋ ಮೊದಲ ಪ್ರಶ್ನೆ ಯಾವುದು? ಹಳೆ ಪಿಂಚಣಿಯೋ, ಒಂಟಿ ಅಕ್ಕೋರ ಶಾಲೆಯೋ? ಓಟು ಇರೋರ ಪ್ರಶ್ನೆ ಮೊದಲು ಬರ್ತದ. ನಮ್ಮ ಮಕ್ಕಳ ಅಡಿಪಾಯ ಹಾಕೋರಿಗೆ ಓಟಿಲ್ಲ ಅಂತ ಅಕ್ಕೋರು ಆಗಲೇ ಹೇಳ್ಯಾರ.

ತೊಗರಿನಾಡು

ಬುದ್ಧ ಅಣ್ಣಾ, ನಾ ಕೇಳಬೇಕಂತ ಅನ್ಕೊಂಡಿದ್ದೇ ಇದು, ನನಗಿಂತ ಛಂದ ಬರೆದೀರಿ. ಗುರುಗಳ ಮಾತೂ ಒಪ್ಪತಕ್ಕದ್ದು. ವರ್ಗಾವಣೆ ಕಾಯ್ದೆ ಮಕ್ಕಳಿಗಿ ತಟ್ಟತದ. ಆದ್ರ ನಮ್ಮ ಭಾಗದಾಗ ಅದು ಎಂಗ ತಟ್ಟತದ ಅಂತ ನೋಡ್ರಿ. ಈ ಭಾಗದ ಮಂದಿಗಿ ನೌಕರಿ ಮೀಸಲು ಕೊಡೋ ಸಂವಿಧಾನದ 371(ಜೆ) ವಿಧಿ ಬರೋದಕ್ಕಿಂತ ಮೊದಲು ಬ್ಯಾರೆ ಭಾಗದಿಂದ ನೇಮಕ ಆಗಿ ಬಂದ ಮಾಸ್ತರು ಜಾಯಿನ್ ಆದ ದಿನದಿಂದ ವಾಪಸ್ ಹೋಗೋ ಅರ್ಜಿ ಬರೀತಿದ್ರು. ಅವರ ತಪ್ಪಲ್ಲ, ಮನಿ-ಮಕ್ಕಳು ಅಲ್ಲೇ. ಆದ್ರ ಅವರ ವರ್ಗಾವಣೆ ಸುಲಭ ಆಗಲಿ ಅಂತ ದನಿ ಎತ್ತೋರು ಏಳೂ ಕ್ಷೇತ್ರದಾಗ ಇದ್ರು. ಖಾಲಿ ಉಳಿದ ಕುರ್ಚಿ ಬಗ್ಗಿ ದನಿ ಎತ್ತಬೇಕಾದೋರು ನಮ್ಮವರೊಬ್ಬರೇ. ಪಶ್ಚಿಮ ಕ್ಷೇತ್ರದ ಮಾಸ್ತರಗ ವರ ಆಗಿದ್ದು ಕೆಲವು ಸಲ ಈಶಾನ್ಯದ ಸಾಲಿಗಿ ಶಾಪ ಆಗ್ತಿತ್ತು. 2012ರ ತಿದ್ದುಪಡಿ ಆದ ಮ್ಯಾಲ ಸ್ಥಳೀಯ ವೃಂದ ಬಂದು ಆ ಓಡಾಟ ಕಡಿಮಿ ಆಯ್ತು. ಅದು ಶಿಕ್ಷಕರ ಕ್ಷೇತ್ರದಿಂದ ಬಂದಿದ್ದಲ್ಲ, ಈ ಭಾಗದ ಮಂದಿ ವರ್ಷಗಟ್ಟಲೆ ಬೀದಿಗಿ ಇಳಿದು ತಂದಿದ್ದು.

ಬಿದ್ರಿ ಕುಸುರಿ (ಬೀದರ್)

ಚರ್ಚೆ ಪರಿಷತ್ತಿಗೇ ಸಿಕ್ಕಿಹಾಕಿಕೊಂಡಿದೆ. ಮಾಸ್ತರಿಕೆ ಮಾಡಿ ನೇರ ಜನರ ಓಟಿನಿಂದ ವಿಧಾನಸಭೆಗೆ ಹೋದವರನ್ನೂ ನೋಡಿ.

ಕೇರಳದ ಕೆ.ಕೆ. ಶೈಲಜಾ. ಕಣ್ಣೂರು ಜಿಲ್ಲೆಯ ಶಿವಪುರಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತಿದ್ದರು. 1996ರಲ್ಲಿ ಕೂತುಪರಂಬದಿಂದ ಶಾಸಕಿಯಾದಾಗಲೂ ಶಿಕ್ಷಕಿಯೇ. 2004ರಲ್ಲಿ ಸ್ವಯಂ ನಿವೃತ್ತಿ ತಗೊಂಡು ಪೂರ್ತಿ ರಾಜಕೀಯಕ್ಕೆ ಬಂದರು. 2016ರಿಂದ 2021ರವರೆಗೆ ಆರೋಗ್ಯ ಮಂತ್ರಿ, ನಿಫಾ ಮತ್ತು ಕೋವಿಡ್ ಎರಡೂ ಅವರ ಕಾಲದಲ್ಲೇ. 2021ರಲ್ಲಿ ಮಟ್ಟನ್ನೂರಿನಿಂದ ಗೆದ್ದ ಅಂತರ 60,963. ಇಷ್ಟಾದರೂ ಅವರನ್ನ ಅಲ್ಲಿ ಕರೆಯೋದು "ಶೈಲಜಾ ಟೀಚರ್" ಅಂತಲೇ. ಮಂತ್ರಿಯಾಗಿ ಪತ್ರಿಕಾಗೋಷ್ಠಿಯಲ್ಲಿ ರೋಗ ಹೇಗೆ ಹರಡ್ತದೆ ಅಂತ ವಿವರಿಸಿದ ರೀತಿಯಲ್ಲಿ ಬೋರ್ಡಿನ ಮುಂದೆ ನಿಂತ ಅಭ್ಯಾಸ ಕಾಣ್ತಿತ್ತು.

ಇನ್ನೊಬ್ಬರು ದ್ರೌಪದಿ ಮುರ್ಮು. ರಾಷ್ಟ್ರಪತಿ ಅಂತ ಎಲ್ಲರಿಗೂ ಗೊತ್ತು, ಒಡಿಶಾದ ರಾಯರಂಗಪುರದ ಶಾಲೆಯಲ್ಲಿ ಪಾಠ ಮಾಡ್ತಿದ್ದರು ಅಂತ ಎಷ್ಟು ಜನರಿಗೆ ಗೊತ್ತು? 1997ರಲ್ಲಿ ಅದೇ ಊರಿನ ನಗರ ಪಂಚಾಯ್ತಿ ಸದಸ್ಯೆ, 2000 ಮತ್ತು 2004ರಲ್ಲಿ ಅಲ್ಲಿಂದಲೇ ಶಾಸಕಿ, ನಡುವೆ ಮಂತ್ರಿ. 2007ರಲ್ಲಿ ಒಡಿಶಾ ವಿಧಾನಸಭೆ ಉತ್ತಮ ಶಾಸಕರಿಗೆ ಕೊಡೋ ನೀಲಕಂಠ ಪ್ರಶಸ್ತಿಯೂ ಬಂತು.

ಇವರಿಬ್ಬರಿಗೂ ಓಟು ಹಾಕಿದ್ದು ಊರ ಜನ, ಸ್ಟಾಫ್ ರೂಮಲ್ಲ. ಅದಕ್ಕೇ ಅವರ ರಾಜಕೀಯದಲ್ಲಿ ಆಸ್ಪತ್ರೆ, ರಸ್ತೆ, ಜಮೀನು ಎಲ್ಲ ಬಂತು.

ಹುಬ್ಬಳ್ಳಿ ಅಳಿಯ

ಶೈಲಜಾ ಅವರಿಗೆ ಶಿಕ್ಷಕಿಯಾಗಿದ್ದುಕೊಂಡೇ ಶಾಸಕಿಯಾಗೋಕೆ ಹೇಗೆ ಆಯ್ತು? ವಕೀಲರು ನೌಕರಿ ಬಿಡಬೇಕು ಅಂದರಲ್ಲ?

ಕಾನೂನು ಕಟ್ಟೆ

ನಾನು ಹೇಳಿದ್ದು ಸರ್ಕಾರಿ ಶಿಕ್ಷಕರ ಬಗ್ಗೆ. ಕೇರಳದಲ್ಲಿ ಅನುದಾನಿತ ಶಾಲೆಯ ಶಿಕ್ಷಕರಿಗೆ ಚುನಾವಣೆಗೆ ನಿಲ್ಲೋಕೆ ಕಾನೂನಿನಲ್ಲೇ ಅವಕಾಶ ಇತ್ತು. ಗೆದ್ದರೆ ರಜೆ, ಸೋತರೆ ಸೋಮವಾರ ಮತ್ತೆ ಶಾಲೆಗೆ. ಹಾಗಾಗಿ ಅಲ್ಲಿ ಶಾಸಕರಾದ ಮಾಸ್ತರುಗಳ ಸಾಲೇ ಇದೆ. 2021ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಆ ಅವಕಾಶವನ್ನ ರದ್ದು ಮಾಡಿತು. ಶಿಕ್ಷಕರು ರಾಜಕೀಯಕ್ಕೆ ಹೋದರೆ ಮಕ್ಕಳ ಶಿಕ್ಷಣದ ಹಕ್ಕಿಗೆ ಪೆಟ್ಟು ಅನ್ನೋದು ಅರ್ಜಿದಾರರ ವಾದ.

ನನ್ನ ಅಭಿಪ್ರಾಯ ಹೇಳಬೇಕಂದರೆ ಅದು ಮುಗಿದ ಜಗಳವಲ್ಲ. ಮಾಸ್ತರು ಪ್ರಚಾರಕ್ಕೆ ಹೋದರೆ ತರಗತಿ ಖಾಲಿ, ನಿಜ. ಮಾಸ್ತರು ಹೋಗದಿದ್ದರೆ ಆ ಜಾಗಕ್ಕೆ ಯಾರು ಹೋಗ್ತಾರೆ? ಗುತ್ತಿಗೆದಾರರು, ರಿಯಲ್ ಎಸ್ಟೇಟಿನವರು, ಕಾಲೇಜು ಇಟ್ಟವರು. ಅವರಿಗೆ ಯಾವ ನಡತೆ ನಿಯಮವೂ ಇಲ್ಲ.

ಭೀಮಾತೀರ

ಮಾಸ್ತರೇ ಹೋಗಬೇಕು ಅಂತ ಯಾಕ ಹಟ? ನಮ್ಮ ಖರ್ಗೆ ಸಾಹೇಬ್ರು ಮಾಸ್ತರಲ್ಲ, ವಕೀಲರು. 1972ರಾಗ ಗುರುಮಠಕಲ್‌ದಿಂದ ಗೆದ್ದು, 1976ರಾಗ ಪ್ರಾಥಮಿಕ ಶಿಕ್ಷಣದ ರಾಜ್ಯ ಮಂತ್ರಿ ಆದ್ರು. ಪರಿಶಿಷ್ಟ ಜಾತಿ, ಪಂಗಡದ ಶಿಕ್ಷಕರ ಬ್ಯಾಕ್‌ಲಾಗ್ ಹುದ್ದಿ 16 ಸಾವಿರಕ್ಕೂ ಹೆಚ್ಚು ತುಂಬಿದ್ರು. ನಮ್ಮಪ್ಪನ ವಾರಗಿಯವರು ಅವಾಗ ನೌಕರಿ ಹತ್ತಿದೋರು ಭಾಳ ಮಂದಿ ಅದಾರ. ಹಳ್ಳಿಗಿ ಮೊದಲನೇ ಸಲ ದಲಿತ ಮಾಸ್ತರು ಬಂದು ಕುರ್ಚಿ ಮ್ಯಾಲ ಕುಂತಿದ್ದು ನೋಡಿದ ಹುಡುಗುರು ಏನ್ ಕಲಿತ್ರು ಅಂತ ಯಾವ ಪರೀಕ್ಷಿ ಅಳೀತದ? ಅದು ಕೋಣಿಯೊಳಗಿನ ಬದಲಾವಣಿ ಅಲ್ಲೇನು?

ನಿವೃತ್ತ ಮುಖ್ಯಗುರು (ಸೇಡಂ)

ಈ ಮಾತಿಗೆ ನನ್ನ ಸಹಿ ಇದೆ ತಮ್ಮಾ. ಆ ತಲೆಮಾರಿನ ಶಿಕ್ಷಕರ ಜೊತೆ ನಾನು ಕೆಲಸ ಮಾಡಿದ್ದೇನೆ. ಕೆಲವು ಊರುಗಳಲ್ಲಿ ಅವರಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ, ಶಾಲೆಯ ಕೋಣೆಯಲ್ಲೇ ಸ್ಟೋವ್ ಹಚ್ಚಿ ಅಡುಗೆ ಮಾಡಿಕೊಳ್ಳುತ್ತಿದ್ದರು.

ಮೇಲ್ವಿಚಾರಕ

ಒಂದು ಉತ್ತರ ತೆಗೆದಿದ್ದೇನೆ. ಅಭ್ಯರ್ಥಿಯೊಬ್ಬರ ಜಾತಿ ಲೆಕ್ಕಾಚಾರ ಇತ್ತು. ಅದಕ್ಕೆ ಬೇರೆ ಜಾಗ ನೋಡಿಕೊಳ್ಳಿ.

ಔರಾದ ಅಕ್ಕೋರು (ಬೀದರ್)

ಶೈಲಜಾ ಅವರ ಮಾತು ಓದಿ ನನಗೆ ಅನ್ನಿಸಿದ್ದು ಬೇರೆ. ನಮ್ಮ ಭಾಗದಲ್ಲಿ ಪ್ರಾಥಮಿಕ ಶಾಲೆಗೆ ಹೋಗಿ ನೋಡಿ, ಕಲಿಸೋರಲ್ಲಿ ಹೆಣ್ಣುಮಕ್ಕಳು ಎಷ್ಟು ಇದ್ದಾರೆ ಅಂತ. ಸಂಘದ ಪದಾಧಿಕಾರಿಗಳ ಫೋಟೊ ಇರೋ ಫ್ಲೆಕ್ಸ್ ನೋಡಿ, ಎಷ್ಟು ಇದ್ದೇವೆ ಅಂತ. ಸಂಘದಿಂದ ಪರಿಷತ್ತಿಗೆ ದಾರಿ ಹೋಗ್ತದೆ ಅಂದರೆ ಆ ದಾರಿ ನಮಗೆ ಮೊದಲ ಮೆಟ್ಟಿಲಲ್ಲೇ ಮುಚ್ಚಿದೆ. ಸಂಜೆ ಸಂಘದ ಸಭೆ ಅಂತಾರೆ, ನಾನು ಕಡೆಯ ಬಸ್ಸು ಹಿಡೀಬೇಕು. ಹಿಂದೊಮ್ಮೆ ಸಭೆಯೊಂದರಲ್ಲಿ ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅನ್ನೋದನ್ನ ಬೇಡಿಕೆ ಪಟ್ಟಿಗೆ ಸೇರಿಸಿ ಅಂದೆ. "ಅಕ್ಕೋರೆ, ಅದು ಪಂಚಾಯ್ತಿ ವಿಷಯ" ಅಂದು ಮುಂದಕ್ಕೆ ಹೋದರು. ತುಟ್ಟಿಭತ್ಯೆಯ ವಿಷಯಕ್ಕೆ ಮಾತ್ರ ಒಂದು ತಾಸು.

ಈ ಸಲ ಓಟು ಕೇಳೋಕೆ ಹೈಸ್ಕೂಲಿಗೆ ಬಂದವರನ್ನ, ಓಟಿರೋ ನೀವು ನಮ್ಮ ಪರವಾಗಿ ಇಷ್ಟು ಕೇಳಿ. ಒಬ್ಬರೇ ಶಿಕ್ಷಕರಿರೋ ಶಾಲೆಗಳ ಪಟ್ಟಿ ನಿಮ್ಮ ಹತ್ತಿರ ಇದೆಯಾ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡಲ್ಲಿ ಕೋಣೆ ಕಟ್ಟಿಸ್ತೀರಿ, ಆ ಕೋಣೆಗೆ ಮಾಸ್ತರು ಯಾವಾಗ? ಗಡಿ ಭಾಗದಲ್ಲಿ ಮರಾಠಿ, ತೆಲುಗು, ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸೋ ನಮಗೆ ಬೇರೆ ತರಬೇತಿ ಕೊಡಿಸ್ತೀರಾ? ಉತ್ತರ ಕೊಡೋಕೆ ಬಾರದಿದ್ದರೆ ಅವರು ಮಾಸ್ತರಾಗಿದ್ದರೇನು, ಬಿಟ್ಟರೇನು.

ತೊಗರಿನಾಡು

ಕೇಳ್ತೀನಿ ಅಕ್ಕೋರೆ. ನಮ್ಮ ಸಾಲಿಗಿ ಬಂದೋರು ಸಾಮಾನ್ಯಕ್ಕ ಕೈ ಕುಲುಕಿ, ಕ್ಯಾಲೆಂಡರ್ ಕೊಟ್ಟು, ಮುಖ್ಯಗುರುಗಳ ಕೋಣಿಯಾಗ ಚಹಾ ಕುಡದು ಹೋಗ್ತಾರ. ಈ ಸಲ ಸ್ಟಾಫ್ ರೂಮಿಗಿ ಕರೆದು ಕುಂದ್ರಿಸಿ ಕೇಳ್ತೀನಿ. ಖಾಸಗಿ ಕಾಲೇಜಿನ ಗೆಳೆಯರಿಗಿ ಮಾತ್ರ ಅಷ್ಟು ಸುಲಭ ಇಲ್ಲ. ಮ್ಯಾನೇಜ್‌ಮೆಂಟಿನವರು "ಈ ಸಲ ಇವರಿಗಿ" ಅಂತ ಹೇಳಿದ್ರ ತಲಿ ಅಲ್ಲಾಡಿಸಬೇಕು. ಓಟು ಗುಪ್ತ ಅದ ಅನ್ನೋದೊಂದೇ ಆಸರ.

ಹೊಸ ಮೇಷ್ಟ್ರು (ಆಳಂದ)

ಎಲ್ಲರಿಗೂ ನಮಸ್ಕಾರ, ಹೈಸ್ಕೂಲಿಗೆ ಸೇರಿ ನಾಲ್ಕನೇ ವರ್ಷ. ನಾನು ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಂದರೆ ಏನು ಮಾಡಬೇಕು? ನಮ್ಮಲ್ಲಿ ಹಿರಿಯರು "ನಮ್ಮ ಹೆಸರು ಹಳೆ ಪಟ್ಟಿಯಲ್ಲಿ ಇದೆ, ನೀನೊಬ್ಬ ಹಾಕು" ಅಂತಿದ್ದಾರೆ.

ಕಾನೂನು ಕಟ್ಟೆ

ಹಿರಿಯರಿಗೆ ಇದನ್ನ ಓದಿ ಹೇಳಿ. ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರದ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗೇ ಆಗ್ತದೆ. ಹಳೆ ಪಟ್ಟಿಯ ಹೆಸರು ತಾನಾಗೇ ಮುಂದುವರಿಯೋದಿಲ್ಲ, ಅವರೂ ಹಾಕಬೇಕು. ಶಿಕ್ಷಕರಿಗೆ ನಮೂನೆ 19, ಪದವೀಧರರಿಗೆ ನಮೂನೆ 18. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಬೋಧಿಸಿರಬೇಕು. ಸಂಸ್ಥೆಯ ಮುಖ್ಯಸ್ಥರಿಂದ ಸೇವಾ ಪ್ರಮಾಣಪತ್ರ ಬೇಕು. ನಮ್ಮ ಕ್ಷೇತ್ರಕ್ಕೆ ಚುನಾವಣಾಧಿಕಾರಿ ಕಲಬುರಗಿಯ ಪ್ರಾದೇಶಿಕ ಆಯುಕ್ತರು.

ಇನ್ನೊಂದು. ಇದು ಬಟನ್ ಒತ್ತೋ ಚುನಾವಣೆ ಅಲ್ಲ, ಕಾಗದದ ಮತಪತ್ರ. ಚಿಹ್ನೆ ಇರೋದಿಲ್ಲ. ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೀಬೇಕು. ಅಲ್ಲಿ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ನಲ್ಲೇ ಬರೀಬೇಕು, ಜೇಬಿನ ಪೆನ್ನು ತೆಗೆದರೆ ಮತ ಹೋಯ್ತು. ಅಂಕಿಯಲ್ಲಿ ಬರೀಬೇಕು, "ಒಂದು" ಅಂತ ಅಕ್ಷರದಲ್ಲಿ ಬರೆದರೂ ಹೋಯ್ತು. ಟಿಕ್ ಹಾಕಿದರೂ ಹೋಯ್ತು.

ಭೀಮಾತೀರ

ಟಿಕ್ ಹಾಕಿ ಹಾಕಿ ಕೈ ಪಳಗಿದೋರಿಗಿ ಟಿಕ್ ಹಾಕಬ್ಯಾಡ್ರಿ ಅಂದ್ರ ಹ್ಯಾಂಗ್ರಿ ಸಾಹೇಬ್ರ! ಪ್ರತಿ ಸಲ ತಿರಸ್ಕೃತ ಮತ ಬೀಳೋದು ಯಾಕ ಅಂತ ಈಗ ತಿಳೀತು.

ಹೊಸ ಮೇಷ್ಟ್ರು (ಆಳಂದ)

ಧನ್ಯವಾದ ಸರ್. ಮೂರು ವರ್ಷದಲ್ಲಿ ಒಂದು ವರ್ಷ ಬೇರೆ ತಾಲೂಕಿನ ಹೈಸ್ಕೂಲಿನಲ್ಲಿ ಇದ್ದೆ. ಆ ಶಾಲೆಯ ಪ್ರಮಾಣಪತ್ರವೂ ಬೇಕಾ?

ಕಾನೂನು ಕಟ್ಟೆ

ಆ ಒಂದು ವರ್ಷ ಸೇರಿಸಿದರೆ ಮಾತ್ರ ಮೂರು ಆಗ್ತದೆ ಅಂದರೆ ತಗೊಂಡುಬಿಡಿ. ಈ ವಾರವೇ ಹೋಗಿ. ಅಲ್ಲಿನ ಮುಖ್ಯಗುರುಗಳು ಗಣತಿಗೋ ತರಬೇತಿಗೋ ಹೋದರೆ ಆಮೇಲೆ ಸಹಿಗೆ ಅಲೆಯಬೇಕಾಗ್ತದೆ.